ಅಕ್ಷರವಿನೋದ: ಕಿವಿಗೋ, ಕಾಗದಕ್ಕೋ?

ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಊರೂರುಗಳಲ್ಲಿಯೂ ಹಿರಿಯ ನಾಗರಿಕರ ಕೂಟಗಳು ಹುಟ್ಟಿಕೊಂಡಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಮಕ್ಕಳು ಉದ್ಯೋಗನಿಮಿತ್ತವಾಗಿ ದೂರದ ಪಟ್ಟಣಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರಲು, ಮನೆಯಲ್ಲಿ ಮಾತನಾಡಿಸುವವರಿಲ್ಲದೆ ದಿನಗಳನ್ನು ನೂಕುತ್ತಿರುವ ವೃದ್ಧರು ವಾರಕ್ಕೊಂದಾವೃತ್ತಿಯಾದರೂ ಒಂದೆಡೆ ಕಲೆತು, ನಾಲ್ಕು ಮಾತನಾಡಿ, ಕಾಫಿ ಕುಡಿದು ಮನೆಗೆ ಮರಳುವುದು ಸಂತೋಷದ ಸಂಗತಿಯೇ ಸರಿ. ಇಂಥ ಕೂಟಗಳನ್ನು ನಡೆಸುವವರ ಸದುದ್ದೇಶವನ್ನು ನಾನು ಶಂಕಿಸತಕ್ಕವನಲ್ಲ. ನಾನೂ ಒಂದು ಕೂಟದ ಸದಸ್ಯನೇ. ಆದರೆ ಅಲ್ಲಿ ‘ಬುದ್ಧಿಗೆ ವ್ಯಾಯಾಮ’ವೆಂಬ ಹೆಸರಿನಿಂದ ನಡೆಯುತ್ತಿರುವ ಪದದಾಟ ಅಕ್ಷರದಾಟಗಳ ಕ್ರಮವನ್ನು ಕುರಿತು ನನಗೆ ಬಲವಾದ ಆಕ್ಷೇಪಣೆಯುಂಟು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗುವುದಕ್ಕಿಂತ ಈ ಪತ್ರಿಕೆಯ ಮೂಲಕ ಬಹಿರಂಗವಾಗಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳುವುದೇ ಲೇಸೆಂದು ತೋರಿತು.

ನನ್ನ ಆಕ್ಷೇಪಣೆಯ ತಿರುಳಿಷ್ಟು: ಅಕ್ಷರವೆಂಬುದು ನಮ್ಮಲ್ಲಿ ಮೊದಲು ಕಿವಿಯ ವಸ್ತು, ಆಮೇಲೆ ಕಾಗದದ ವಸ್ತು. ಈ ಕ್ರಮವನ್ನು ತಲೆಕೆಳಗೆ ಮಾಡಿ, ಅಕ್ಷರದಾಟವೆಂದರೆ ಅಚ್ಚಾದ ಹಾಳೆಯೆಂದೇ ತಿಳಿದು ನಡೆಸಿದಲ್ಲಿ, ಕೂಟದಲ್ಲಿ ಯಾರಿಗೆ ಆಟವು ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರನ್ನೇ ನಾವು ಬಾಗಿಲಿಂದ ಹೊರಗೆ ಕೂರಿಸಿದಂತಾಗುವುದು.

ನಡೆದುದನ್ನು ಹೇಳುವೆನು. ಒಂದು ಭಾನುವಾರ ನಮ್ಮ ಕೂಟಕ್ಕೆ ಪಟ್ಟಣದ ಒಂದು ಸಂಸ್ಥೆಯಿಂದ ಇಬ್ಬರು ತರುಣರು ಬಂದರು. ವಿನಯವಂತರು, ನಗುಮೊಗದವರು. ಎಲ್ಲರ ಕೈಗೂ ಒಂದೊಂದು ಹಾಳೆಯನ್ನೂ ಒಂದೊಂದು ಸೀಸದಕಡ್ಡಿಯನ್ನೂ ಕೊಟ್ಟರು. ಹಾಳೆಯ ತುಂಬ ಮನೆಗಳು. ಮನೆಯೊಂದಕ್ಕೆ ಒಂದರಂತೆ ಇಂಗ್ಲಿಷಿನ ಅಕ್ಷರಗಳು. ಅವುಗಳ ನಡುವೆ ಅಡಗಿರುವ ಹತ್ತು ಹಣ್ಣುಗಳ ಹೆಸರನ್ನು ಹುಡುಕಿ ಗೆರೆಯೆಳೆಯಬೇಕು. ಹಾಗೆ ಮಾಡುತ್ತ ಬಂದರೆ ಮರೆವಿನ ರೋಗವು ಹತ್ತಿರ ಸುಳಿಯಲಾರದೆಂದೂ ಅವರು ಭರವಸೆಯಿತ್ತರು. ಇಂಗ್ಲಿಷ್ ಬಲ್ಲ ನಾಲ್ಕೈದು ಮಂದಿ, ನಿವೃತ್ತ ಗುಮಾಸ್ತರು, ಅಧಿಕಾರಿಗಳು, ಕನ್ನಡಕವನ್ನು ಮೇಲೇರಿಸಿ ಕೆಲಸಕ್ಕೆ ತೊಡಗಿದರು. ಉಳಿದ ಇಪ್ಪತ್ತು ಮಂದಿ ಹಾಳೆಯನ್ನು ನೋಡಿದರು, ಪಕ್ಕದವರ ಮುಖವನ್ನು ನೋಡಿದರು, ಸುಮ್ಮನಾದರು. ನನ್ನ ಎಡಗಡೆಯಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಕುಳಿತಿದ್ದರು; ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಆಕೆ ಹಾಳೆಯನ್ನು ನಾಲ್ಕಾಗಿ ಮಡಿಸಿ, ಬಿಸಿಯ ಕಾಫಿಲೋಟದ ಕೆಳಗಿಟ್ಟುಕೊಂಡು, “ಮೇಷ್ಟ್ರೇ, ಇದರಲ್ಲಿ ನನಗೇನು ಕೆಲಸ? ಬರುವ ವಾರ ನಾನು ಮನೆಯಲ್ಲೇ ಇರುತ್ತೇನೆ” ಎಂದರು.

ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಮೂವತ್ತು ವರ್ಷಕ್ಕೂ ಮಿಕ್ಕು ಉಪಾಧ್ಯಾಯವೃತ್ತಿಯಲ್ಲಿದ್ದು, ಮಕ್ಕಳ ದಾಖಲೆಯ ಪುಸ್ತಕದಲ್ಲಿ ತಂದೆತಾಯಿಗಳ ಹೆಸರಿನ ಮುಂದೆ ‘ನಿರಕ್ಷರಿ’ ಎಂದು ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ೧೯೫೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ೧೮.೩೩, ಸ್ತ್ರೀಯರಲ್ಲಿ ೮.೮೬ ಮಾತ್ರ. ಇಂದು ಎಂಬತ್ತರ ಸುಮಾರಿನಲ್ಲಿರುವ ಹೆಂಗಸರು ಆಗ ಶಾಲೆಗೆ ಸೇರಬೇಕಾಗಿದ್ದ ಹುಡುಗಿಯರು. ಅವರು ಓದಲಿಲ್ಲವೆಂಬುದು ಅವರ ಅಪರಾಧವಲ್ಲ. ಓದಿಸದಿದ್ದುದು ದೇಶದ ಅಪರಾಧ. ಒಂದು ಸಲ ಶಾಲೆಯ ಬಾಗಿಲಲ್ಲಿ ಹೊರಗುಳಿದವರನ್ನು ಎಪ್ಪತ್ತೈದು ವರ್ಷಗಳ ತರುವಾಯ ಆಟದ ಬಾಗಿಲಲ್ಲಿಯೂ ಹೊರಗುಳಿಸುವುದು ನ್ಯಾಯವೇ?

ಇದಕ್ಕೆ ‘ಹಾಳೆಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದರಾಯಿತು’ ಎಂದು ಕೆಲವರು ಸುಲಭವಾಗಿ ಸಮಾಧಾನ ಹೇಳುವರು. ಅದರಿಂದ ದೋಷವು ಅರ್ಧವೂ ಪರಿಹಾರವಾಗುವುದಿಲ್ಲ. ಏಕೆಂಬುದನ್ನು ಸ್ವಲ್ಪ ವಿಚಾರಿಸಬೇಕು.

ಆಂಗ್ಲರ ಅಕ್ಷರದಾಟಗಳು ಅವರ ಲಿಪಿಯ ಔರಸಪುತ್ರರು. ಆರ್ಥರ್ ವಿನ್ ಎಂಬಾತನು ೧೯೧೩ನೆಯ ಡಿಸೆಂಬರ್ ೨೧ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪದಬಂಧವೇ ಈ ಕಾಲದ ಪದಬಂಧಗಳಿಗೆಲ್ಲ ಮೂಲ. ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿಯು ೧೯೩೦ರ ದಶಕದಲ್ಲಿ, ಉದ್ಯೋಗವಿಲ್ಲದೆ ಕುಳಿತಿದ್ದಾಗ, ವೃತ್ತಪತ್ರಿಕೆಗಳಲ್ಲಿ ಯಾವ ಅಕ್ಷರವು ಎಷ್ಟು ಸಲ ಬರುವುದೆಂದು ಎಣಿಸಿ, ಅದರಂತೆ ಬಿಲ್ಲೆಗಳಿಗೆ ಬೆಲೆ ಕಟ್ಟಿ ಒಂದು ಆಟವನ್ನು ಕಲ್ಪಿಸಿದನು. ೧೯೪೮ರಲ್ಲಿ ‘ಸ್ಕ್ರ್ಯಾಬಲ್’ ಎಂಬ ಹೆಸರನ್ನು ಪಡೆದು ಲೋಕವನ್ನೆಲ್ಲ ಸುತ್ತಿದ್ದು ಇದೇ. ಅದರಲ್ಲಿ ನೂರು ಬಿಲ್ಲೆಗಳು; ಹೆಚ್ಚು ಬಳಕೆಯ ‘ಇ’ ಎಂಬ ಅಕ್ಷರಕ್ಕೆ ಹನ್ನೆರಡು ಬಿಲ್ಲೆ, ಬೆಲೆ ಒಂದೊಂದೇ; ಅಪರೂಪದ ‘ಕ್ಯೂ’, ‘ಝಡ್’ಗಳಿಗೆ ಒಂದೊಂದೇ ಬಿಲ್ಲೆ, ಬೆಲೆ ಹತ್ತು. ಇದೆಲ್ಲ ಎಷ್ಟು ಜಾಣತನದ ಕೆಲಸವೆಂಬುದನ್ನು ನಾನು ಮನಃಪೂರ್ವಕವಾಗಿ ಒಪ್ಪುವೆನು. ಇಪ್ಪತ್ತಾರೇ ಅಕ್ಷರಗಳು, ಉಚ್ಚಾರಣೆಯೊಂದು ಬರಹವೊಂದು ಎಂಬ ಭಾಷೆಗೆ ಅದು ತಕ್ಕ ಆಟ. ಅಲ್ಲಿ ಕಾಗುಣಿತವನ್ನು ಕಣ್ಣಿನಿಂದ ಬಲ್ಲವನೇ ಆಡಬಲ್ಲನು.

ನಮ್ಮದಾದರೋ ಬೇರೆ ಬಗೆ. ಮೂವತ್ತುನಾಲ್ಕು ವ್ಯಂಜನಗಳು ಹದಿಮೂರು ಸ್ವರಗಳೊಡನೆ ಕೂಡಿದರೆ ಗುಣಿತಾಕ್ಷರಗಳೇ ೪೪೨ ಆಗುವುವು. ಒತ್ತಕ್ಷರಗಳು ಸೇರಿದರೆ ಎಣಿಕೆಯು ಸಾವಿರಗಳಿಗೇರುವುದು. ಇದನ್ನು ನೂರು ಬಿಲ್ಲೆಗಳ ಚೀಲದಲ್ಲಿ ತುಂಬುವುದು ಹೇಗೆ? ಸ್ವರ ವ್ಯಂಜನಗಳನ್ನು ಬೇರೆ ಬೇರೆ ಬಿಲ್ಲೆಗಳಾಗಿ ಒಡೆದರೆ ಕನ್ನಡದ ಅಕ್ಷರವೇ ಉಳಿಯದು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಇನ್ನೊಂದು ದೃಷ್ಟಾಂತವನ್ನು ನೋಡಿರಿ. ‘ಗದಗ’ ಎಂಬ ಊರಿನ ಹೆಸರನ್ನು ಹಿಂದುಮುಂದಾಗಿ ಹೇಳಿದರೂ ‘ಗದಗ’ವೇ, ಇಂಗ್ಲಿಷಿನ ಲಿಪಿಯಲ್ಲಿ ಅದನ್ನು ಬಿಡಿಯಾಗಿ ಬರೆದು ಹಿಂದಿನಿಂದ ಓದಿದರೆ ‘ಅಗದಗ್’ ಎಂದಾಗುವುದು. ಆ ಊರಿನ ಹೆಸರಿನಲ್ಲಿರುವ ಸೊಗಸು ಕನ್ನಡದ ಕಿವಿಗೆ ಮಾತ್ರ ಕೇಳಿಸತಕ್ಕದ್ದು. ಅದನ್ನು ಕೇಳುವುದಕ್ಕೆ ಓದುಬರಹ ಬೇಕಿಲ್ಲ.

ನಮ್ಮ ಪೂರ್ವಿಕರು ಅಕ್ಷರವನ್ನು ಹೀಗೆಯೇ ತಿಳಿದಿದ್ದರು. ಋಕ್‌ಪ್ರಾತಿಶಾಖ್ಯದಲ್ಲಿ ಅಕ್ಷರದ ಲಕ್ಷಣವನ್ನು ಹೇಳುವಾಗ, ವ್ಯಂಜನದೊಡನೆ ಕೂಡಿರಲಿ, ಅನುಸ್ವಾರದೊಡನೆ ಕೂಡಿರಲಿ, ಒಂಟಿಯಾಗಿರಲಿ, ಸ್ವರವೇ ಅಕ್ಷರವೆಂದು ಹೇಳಿದೆ. ಅಲ್ಲಿ ಗೆರೆ ಕೊಂಬುಗಳ ಮಾತಿಲ್ಲ, ಓಲೆ ಕಂಠಗಳ ಮಾತಿಲ್ಲ. ಉಸಿರಿನಿಂದ ಹೊರಟು ಕಿವಿಗೆ ಮುಟ್ಟಿದ ನಾದದ ತುಂಡೇ ಅಕ್ಷರ. ಕ್ಷರವಾಗದುದು, ಎಂದರೆ ಸವೆಯದುದು, ಎಂಬ ಅರ್ಥವುಳ್ಳ ಆ ಹೆಸರು ಬರಹದ ಗುರುತಿಗೆ ಆಮೇಲೆ ಅಂಟಿಕೊಂಡಿತು. ಹೀಗಿರಲು, ಬರೆಯಲಾರದವರನ್ನು ‘ನಿರಕ್ಷರಿ’ಗಳೆಂದು ಕರೆಯುವುದೇ ಒಂದು ಅಪಶಬ್ದ. ಬರಹ ಬಾರದವರೆನ್ನಿ, ಅಕ್ಷರ ಬಾರದವರೆನ್ನಬೇಡಿ.

ಇದು ಬರಿಯ ಪಾಂಡಿತ್ಯದ ಮಾತಲ್ಲವೆಂಬುದು ಮುಂದಿನ ವಾರವೇ ನನಗೆ ಮನದಟ್ಟಾಯಿತು. ಆ ತಾಯಿಯ ಮನೆಗೆ ಹೋಗಿ, “ಅಮ್ಮಾ, ಈ ಸಲ ಕಾಗದವಿಲ್ಲ, ಬನ್ನಿ” ಎಂದು ಒತ್ತಾಯದಿಂದ ಕರೆತಂದೆನು. ಹನ್ನೆರಡು ಮಂದಿ ಸುತ್ತಲೂ ಕುಳಿತೆವು. ಪದಗಳ ಅಂತ್ಯಾಕ್ಷರಿ, ತಿನ್ನುವ ಪದಾರ್ಥಗಳ ಹೆಸರುಗಳೇ ಆಗಬೇಕೆಂದು ಕಟ್ಟಳೆ. ಆಟವು ಬಳಸಿ ಬಂದು, ಆಕೆಗೆ ಹಿಂದಿನವರು ‘ಬಾಳೆಹಣ್ಣು’ ಎಂದರು. ಆಕೆ ತಡೆಯದೆ “ನುಗ್ಗೆಕಾಯಿ” ಎಂದರು. ಕೂಡಲೆ ನಮ್ಮ ನಿವೃತ್ತ ಅಧಿಕಾರಿಗಳೊಬ್ಬರು ಅಡ್ಡಬಂದು, “ಕಡೆಯ ಅಕ್ಷರ ‘ಣ್ಣು’; ಒತ್ತಕ್ಷರ. ಅದರಿಂದ ಆರಂಭವಾಗುವ ಪದವೇ ಇಲ್ಲ. ನೀವು ಸೋತಿರಿ” ಎಂದರು. ಆಕೆ ಅಳುಕದೆ, “ನನಗೆ ಒತ್ತುಗಿತ್ತು ತಿಳಿಯದಪ್ಪಾ. ಹಣ್-ಣು ಅನ್ನುತ್ತೇವೆ. ‘ಣು’ ತೆಗೆದುಕೊಂಡೆ, ‘ಣು’ವಿನಲ್ಲಿ ತಿನ್ನುವುದೇನೂ ಇಲ್ಲ, ‘ನು’ ಅಂದೆ” ಎಂದು ಕೈತಟ್ಟಿ ಒಡೆದು ತೋರಿಸಿದರು.

ನಾನು ಮಧ್ಯಸ್ಥನು. ಪುಸ್ತಕದ ಕನ್ನಡವನ್ನು ಹಿಡಿದರೆ ಅಧಿಕಾರಿಗಳದೇ ಸರಿ. ‘ಹ-ಣ್ಣು’ ಎಂದೇ ನಾನೂ ಮಕ್ಕಳಿಗೆ ಬಿಡಿಸಿ ಬರೆಯಿಸಿದವನು. ತೀರ್ಪು ಹೇಳಲು ಬಾಯಿ ತೆರೆಯುತ್ತಿರುವಾಗ ಪಾಠಶಾಲೆಯಲ್ಲಿ ಓದಿದ್ದು ನೆನಪಾಯಿತು. ಸಂಯೋಗದಲ್ಲಿ ಮೊದಲ ವ್ಯಂಜನವು ಹಿಂದಿನ ಸ್ವರಕ್ಕೆ ಅಂಗವೆಂದು ಪ್ರಾತಿಶಾಖ್ಯಕಾರರ ಮತ. ಎಂದರೆ ಮೊದಲ ಣಕಾರವು ಹಕಾರದ ಕಡೆಗೆ, ಎರಡನೆಯದು ಉಕಾರದ ಕಡೆಗೆ: ಹಣ್-ಣು. ಆ ಒತ್ತು ಹಿಂದಿನ ಸ್ವರದ ಮೇಲೆ ಭಾರ ಹಾಕುವುದರಿಂದಲೇ ಅಲ್ಲವೆ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನದು ಗುರುವಾಗುವುದು? ಶಾಲೆಯನ್ನು ಕಾಣದ ಆ ತಾಯಿಯ ಅಂಗೈಯಲ್ಲಿ ಪ್ರಾತಿಶಾಖ್ಯವಿತ್ತು. ಅದನ್ನೋದಿದ ನಾನು ಲಿಪಿಯ ಮರೆಯಲ್ಲಿ ಅದನ್ನು ಮರೆತಿದ್ದೆನು. ತೀರ್ಪು ಆಕೆಯ ಪರವಾಗಿ ಆಯಿತು. ಆಮೇಲಿನ ಯಾವ ವಾರವನ್ನೂ ಆಕೆ ತಪ್ಪಿಸಿಕೊಂಡಿಲ್ಲ.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸುವೆನು.

ಮೊದಲನೆಯದು ನನ್ನ ಪಂಡಿತಮಿತ್ರರದು. “ಮಾತಿನ ಕಸರತ್ತು ಸಾಹಿತ್ಯವಲ್ಲ, ಸಾಹಿತ್ಯಪತ್ರಿಕೆಯಲ್ಲಿ ಇದರ ಪ್ರಸ್ತಾಪವೇ ಅನುಚಿತ. ರಸಕ್ಕೆ ವಿರೋಧಿಯಾದುದರಿಂದ ಪ್ರಹೇಲಿಕೆಯು ಅಲಂಕಾರವೇ ಅಲ್ಲವೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ತಳ್ಳಿಹಾಕಿಲ್ಲವೆ?” ಎಂದು ಅವರು ಕೇಳುವರು. ತಳ್ಳಿಹಾಕಿರುವುದು ನಿಜ, ಕಾವ್ಯದಿಂದ ತಳ್ಳಿಹಾಕಿದನು. ಆದರೆ ಕಾವ್ಯವಲ್ಲದುದೆಲ್ಲ ನಿಷ್ಪ್ರಯೋಜಕವೆಂದು ಆತನು ಹೇಳಲಿಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಗಳ ಹದಿನಾರು ಭೇದಗಳನ್ನು ಹೇಳಿ, ಅವುಗಳಿಗೆ ಪ್ರಯೋಜನವನ್ನೂ ತಿಳಿಸಿರುವನು: ಕ್ರೀಡಾಗೋಷ್ಠಿಗಳ ವಿನೋದಕ್ಕೆ, ಜನರ ನಡುವೆ ಗುಟ್ಟಿನ ಮಾತಿಗೆ, ಎದುರಾಳಿಯನ್ನು ತಬ್ಬಿಬ್ಬುಗೊಳಿಸುವುದಕ್ಕೆ. ನಾನು ಕೇಳುವುದು ಈ ಮೊದಲನೆಯದನ್ನೇ. ಹಿರಿಯರ ಕೂಟವು ಕಾವ್ಯವಲ್ಲ, ಗೋಷ್ಠಿ. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಪ್ರಹೇಲಿಕೆಯಿದೆ, ಪ್ರತಿಮಾಲೆಯಿದೆ, ಎಂದರೆ ನಮ್ಮ ಅಂತ್ಯಾಕ್ಷರಿ, ನಾಲಗೆ ತೊಡರುವ ಮಾತುಗಳ ದುರ್ವಾಚಕಯೋಗವಿದೆ, ಸಮಸ್ಯಾಪೂರಣವಿದೆ, ಅಕ್ಷರಮುಷ್ಟಿಕೆಯಿದೆ. ಗೋಷ್ಠಿಯಲ್ಲಿ ಕೇವಲ ಸಂಸ್ಕೃತದಲ್ಲಿಯೂ ಮಾತನಾಡಬಾರದು, ಕೇವಲ ದೇಶಭಾಷೆಯಲ್ಲಿಯೂ ಮಾತನಾಡಬಾರದು ಎಂದು ಆತನೇ ವಿಧಿಸಿರುವನು. ಕೂಟದಲ್ಲಿ ಯಾರೂ ಹೊರಗಾಗಬಾರದೆಂಬುದೇ ಇದರ ಇಂಗಿತವೆಂದು ನಾನು ತಿಳಿಯುತ್ತೇನೆ.

ನಮ್ಮಲ್ಲಿ ಅಕ್ಷರವಿನೋದದ ಪರಾಕಾಷ್ಠೆಯೆಂದರೆ ಅವಧಾನ. ನಿಷೇಧಾಕ್ಷರಿಯಲ್ಲಿ ಪೃಚ್ಛಕನು ಒಂದೊಂದು ಅಕ್ಷರಕ್ಕೂ ಮುಂದೆ ಇಂಥದು ಬರಕೂಡದೆಂದು ತಡೆಯುತ್ತಿರಲು, ಅವಧಾನಿಯು ಲೇಖನಿಯನ್ನಾಗಲಿ ಕಾಗದವನ್ನಾಗಲಿ ಮುಟ್ಟದೆ ಪದ್ಯವನ್ನು ಕಟ್ಟಬೇಕು. ೨೦೧೨ರಲ್ಲಿ ಬೆಂಗಳೂರಿನಲ್ಲಿ ಶತಾವಧಾನಿ ಆರ್. ಗಣೇಶ ಅವರು ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅಂಥ ಶಿಖರಕ್ಕೆ ಕಾಗದವು ಬೇಡವಾಗಿರುವಾಗ, ಬೆಟ್ಟದ ಬುಡದಲ್ಲಿ ಆಡುವ ನಮಗೇಕೆ ಬೇಕು?

ಎರಡನೆಯ ಪೂರ್ವಪಕ್ಷವು ವೈದ್ಯರ ಹೆಸರಿನಲ್ಲಿ ಬರುವುದು. “ಇದು ವಿನೋದವಲ್ಲ, ಚಿಕಿತ್ಸೆ. ಹಾಳೆಯ ಮೇಲೆ ದಿನವೂ ಪದ ಹುಡುಕಿದರೆ ಮರೆವು ಬಾರದು.” ಇದು ಅರ್ಧಸತ್ಯ, ಭಯವನ್ನು ತೋರಿಸಿ ಸರಕನ್ನು ಮಾರುವ ಅರ್ಧಸತ್ಯ. ನ್ಯೂಯಾರ್ಕಿನಲ್ಲಿ ೭೫ ವರ್ಷಕ್ಕೆ ಮೇಲ್ಪಟ್ಟ ೪೬೯ ಮಂದಿಯನ್ನು ಹಲವು ವರ್ಷ ಗಮನಿಸಿ ೨೦೦೩ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಓದುವುದು, ಮಣೆಯಾಟ, ವಾದ್ಯ ನುಡಿಸುವುದು, ನರ್ತನ, ಇವುಗಳಲ್ಲಿ ತೊಡಗಿದವರಿಗೆ ಬುದ್ಧಿಮಾಂದ್ಯವು ಬರುವುದು ಕಡಿಮೆಯೆಂದು ಕಂಡುಬಂದಿತು. ಆದರೆ ಆಡಿದುದರಿಂದ ರೋಗ ತಪ್ಪಿತೋ, ರೋಗವು ಸುಳಿಯದವರೇ ಆಡುತ್ತಿದ್ದರೋ ಎಂಬುದು ಅಂಥ ಗಮನಿಕೆಯಿಂದ ನಿರ್ಣಯವಾಗತಕ್ಕದ್ದಲ್ಲ. ಅಮೆರಿಕಾದಲ್ಲಿಯೇ ೬೫ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ ೨,೮೩೨ ಮಂದಿಗೆ, ಕೆಲವರಿಗೆ ಜ್ಞಾಪಕಶಕ್ತಿಯಲ್ಲಿ, ಕೆಲವರಿಗೆ ತರ್ಕದಲ್ಲಿ, ಕೆಲವರಿಗೆ ಗ್ರಹಿಕೆಯ ವೇಗದಲ್ಲಿ ಶಿಕ್ಷಣ ಕೊಟ್ಟು ಪರೀಕ್ಷಿಸಿದರು. ೨೦೦೨ರ ಅದರ ವರದಿಯಂತೆ, ಯಾವುದನ್ನು ಕಲಿಸಿದರೋ ಅದರಲ್ಲಿ ಮಾತ್ರ ಅವರವರು ಮುಂದುವರಿದರು. ಪದ ಹುಡುಕುವುದನ್ನು ರೂಢಿಸಿದವನು ಪದ ಹುಡುಕುವುದರಲ್ಲಿ ಜಾಣನಾದಾನು. ಮನೆಯ ಬೀಗದಕೈಯನ್ನು ಎಲ್ಲಿಟ್ಟೆನೆಂಬುದನ್ನು ಅದರಿಂದ ನೆನಪಿಟ್ಟಾನೆಂದು ಹೇಳಲಾಗದು.

ಅದಂತಿರಲಿ. ಆಟವನ್ನು ಔಷಧವೆಂದು ಕೊಟ್ಟೊಡನೆ ಆಡುವವನು ರೋಗಿಯಾಗುವನು. ಆಗ ಒಂದು ಪದ ತೋಚದಿದ್ದರೆ ಅದು ಸೋಲಲ್ಲ, ಲಕ್ಷಣ. ನಮ್ಮ ಕೂಟದ ಒಬ್ಬ ಗೃಹಸ್ಥರು ಆ ಹಾಳೆಯಲ್ಲಿ ಹತ್ತು ಹಣ್ಣುಗಳ ಪೈಕಿ ನಾಲ್ಕನ್ನು ಮಾತ್ರ ಕಂಡು, ತಮಗೆ ಮರೆವಿನ ರೋಗವು ಅಂಟಿತೆಂದು ಮೂರು ರಾತ್ರಿ ನಿದ್ರೆಗೆಟ್ಟರು. ಕಣ್ಣಿನ ಪೊರೆಯಿಂದ ಆ ಸಣ್ಣ ಅಕ್ಷರಗಳು ಅವರಿಗೆ ಕಾಣಿಸಿರಲಿಲ್ಲ, ಅಷ್ಟೇ. ವಿನೋದವನ್ನು ವಿನೋದವಾಗಿಯೇ ಇಡಿರಿ. ಅದರಿಂದ ಆರೋಗ್ಯವು ಲಭಿಸಿದರೆ ಲಾಭ. ಲಭಿಸದಿದ್ದರೆ ಒಂದು ಸಂಜೆಯ ಸಂತೋಷವಂತೂ ನಷ್ಟವಾಗಲಿಲ್ಲ.

ಮೂರನೆಯ ಪೂರ್ವಪಕ್ಷವು ಇವೆಲ್ಲಕ್ಕಿಂತ ಗಟ್ಟಿಯಾದುದು. ಅದನ್ನು ನನಗೆ ಹೇಳಿದವರು ಕಿವಿಯ ಯಂತ್ರವನ್ನು ಧರಿಸಿದ ಒಬ್ಬ ಮಿತ್ರರು. “ಮುಪ್ಪಿನಲ್ಲಿ ಕಣ್ಣಿನಂತೆ ಕಿವಿಯೂ ಹೋಗುವುದಲ್ಲವೆ? ಓದಲಾರದವರನ್ನು ಒಳಗೆ ಕರೆಯುವ ಭರದಲ್ಲಿ ಕೇಳಲಾರದವರನ್ನು ಹೊರಗೆ ಹಾಕುವಿರೇನು?” ಇದಕ್ಕೆ ನಾನು ತಲೆಬಾಗುವೆನು. ಸಮಾಧಾನವನ್ನು ಅನುಭವದಿಂದ ಹೇಳಬಲ್ಲೆನು. ವರ್ತುಲದಲ್ಲಿ ಹನ್ನೆರಡು ಮಂದಿಗೆ ಮೀರಕೂಡದು, ಫ್ಯಾನು ನಿಲ್ಲಿಸಬೇಕು, ಹೇಳಿದ ಪದವನ್ನು ಮುಂದಿನವರು ಒಮ್ಮೆ ಪುನರುಚ್ಚರಿಸಿಯೇ ತಮ್ಮ ಪದವನ್ನು ಹೇಳಬೇಕು, ಕಿವಿ ಮಂದವಾದವರು ಮಧ್ಯಸ್ಥನ ಪಕ್ಕದಲ್ಲಿ ಕುಳಿತರೆ, ಆತನು ಒಂದು ಸ್ಲೇಟಿನ ಮೇಲೆ ಆ ಪದವನ್ನು ದಪ್ಪಕ್ಷರದಲ್ಲಿ ಬರೆದು ತೋರಿಸಬೇಕು. ಬರಹವು ಬೇಡವೆಂದು ನಾನೆಲ್ಲಿ ಹೇಳಿದೆನು? ಅದು ಊರುಗೋಲಾಗಿ ಬರಲಿ, ಬಾಗಿಲ ಕಾವಲುಗಾರನಾಗಿ ಬರಬೇಡವೆಂದಷ್ಟೇ ನನ್ನ ವಾದ. ನಮ್ಮ ವೃತ್ತಪತ್ರಿಕೆಗಳ ಕನ್ನಡ ಪದಬಂಧವನ್ನು ನಾನು ದಿನವೂ ಬಿಡಿಸುವವನೇ. ಮನೆಯೊಂದಕ್ಕೆ ಒಂದು ಪೂರ್ಣಾಕ್ಷರವೆಂದು ಇಟ್ಟು, ಪರದೇಶದ ಆಟವನ್ನು ಅವರು ಕನ್ನಡದ ಜಾಯಮಾನಕ್ಕೆ ಒಗ್ಗಿಸಿರುವುದು ಮೆಚ್ಚತಕ್ಕದ್ದು. ಆದರೆ ಅದು ಓದುಬಲ್ಲವನೊಬ್ಬನ ಏಕಾಂತದ ಸುಖ, ಕೂಟದ ಸುಖವಲ್ಲ.

ಕಡೆಯದಾಗಿ, “ಕಾಗದವಿಲ್ಲದೆ ಏನನ್ನು ಆಡಿಸುವುದು?” ಎಂದು ಕೇಳುವ ಸಂಚಾಲಕರಿಗೆ ನಮ್ಮ ಕೂಟದಲ್ಲಿ ಆಡಿ ನೋಡಿದ ಕೆಲವು ಆಟಗಳನ್ನು ತಿಳಿಸುವೆನು. ಅಂತ್ಯಾಕ್ಷರಿಯ ವಿಷಯವನ್ನು ಹೇಳಿಯಾಯಿತು. ಅಚ್ಚಗನ್ನಡ ಪದಗಳು ಣಕಾರ ಳಕಾರಗಳಿಂದ ಆರಂಭವಾಗುವುದಿಲ್ಲವಾದುದರಿಂದ ಅವಕ್ಕೆ ಬದಲಾಗಿ ನಕಾರ ಲಕಾರಗಳನ್ನು ಅಂಗೀಕರಿಸಬೇಕು. ಇಲ್ಲದಿದ್ದರೆ ಆಟವು ಐದು ನಿಮಿಷದಲ್ಲಿ ನಿಂತುಹೋಗುವುದು.

ಎರಡನೆಯದು ತಿರುಗುಮುರುಗು. ಮಧ್ಯಸ್ಥನು ‘ನದಿ’ ಎಂದರೆ ‘ದಿನ’ ಎನ್ನಬೇಕು, ‘ಗಜ’ವೆಂದರೆ ‘ಜಗ’, ‘ಸದಾ’ ಎಂದರೆ ‘ದಾಸ’. ‘ಮರಾ ಮರಾ’ ಎಂದು ಜಪಿಸಿ ರಾಮನನ್ನು ಕಂಡ ಬೇಡನ ಕಥೆಯನ್ನು ಬಲ್ಲ ನಾಡಿನಲ್ಲಿ ಈ ಆಟಕ್ಕೆ ವಿವರಣೆ ಬೇಡ. ‘ರಾಜ’ನನ್ನು ತಿರುಗಿಸಿರೆಂದಾಗ ಒಬ್ಬರು ಮೆಲ್ಲಗೆ ‘ಜರಾ’ ಎಂದರು. ಅರ್ಥವನ್ನು ತಿಳಿದವರು ತಿಳಿಯದವರಿಗೆ ಹೇಳಿದ ಮೇಲೆ ಎದ್ದ ನಗೆಯು ಬಹಳ ಹೊತ್ತು ಇಳಿಯಲಿಲ್ಲ. ತಿರುಗಿಸಿದರೂ ತಿರುಗದ ಪದಗಳನ್ನು ಹೇಳಿರೆಂದಾಗ ‘ನಯನ’, ‘ಜಲಜ’, ‘ನವಜೀವನ’ ಎಂದು ನಾವು ಪುಸ್ತಕದ ಪದಗಳನ್ನು ತಡಕುತ್ತಿರಲು, ಆ ತಾಯಿ, “ಕನಕ. ದಾಸರಾಗಿದ್ದರಲ್ಲ, ಹಿಂದಿನಿಂದ ಕರೆದರೂ ಅವರೇ ಬರುತ್ತಾರೆ” ಎಂದರು. ಮುಂಡಿಗೆಗಳನ್ನು ಹಾಡಿದ ಆ ದಾಸರಿಗೆ ಇದಕ್ಕಿಂತ ಒಪ್ಪುವ ಮರ್ಯಾದೆಯನ್ನು ನಾನು ಕೇಳಿಲ್ಲ.

ಮೂರನೆಯದರಲ್ಲಿ ಒಂದೊಂದೇ ಅಕ್ಷರವನ್ನು ಬದಲಿಸುತ್ತ ನಡೆಯಬೇಕು: ಹಾಲು, ಹಾಡು, ಕಾಡು, ನಾಡು. ನಾಲ್ಕನೆಯದು ದ್ವಿತೀಯಾಕ್ಷರ ಪ್ರಾಸ. ನಮ್ಮ ಹಳೆಯ ಕವಿಗಳ ಪ್ರಾಣವಾದ ಇದನ್ನು ಬೆಣ್ಣೆ, ಎಣ್ಣೆ, ಸುಣ್ಣ, ಬಣ್ಣ, ಅಣ್ಣ ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಪೋಣಿಸಬಹುದು. ಐದನೆಯದು ನಿಷಿದ್ಧಾಕ್ಷರ. ದಶಕುಮಾರಚರಿತದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನು, ತುಟಿ ಗಾಯಗೊಂಡಿರುವುದರಿಂದ, ಓಷ್ಠ್ಯವರ್ಣವೊಂದೂ ಬಾರದಂತೆ ತನ್ನ ಕಥೆಯನ್ನೆಲ್ಲ ಹೇಳುವನಷ್ಟೆ. ನಾವು ಅಷ್ಟು ದೂರ ಹೋಗಲಾರೆವು. ‘ರಕಾರವಿಲ್ಲದೆ ಸಾರು ಮಾಡುವ ಕ್ರಮವನ್ನು ಹೇಳಿ’ ಎಂದು ಒಮ್ಮೆ ಕೇಳಿದೆವು. ಸಾರೆನ್ನುವಂತಿಲ್ಲ, ನೀರೆನ್ನುವಂತಿಲ್ಲ, ಖಾರ, ಜೀರಿಗೆ, ಕರಿಬೇವು, ಕೊತ್ತಂಬರಿ ಯಾವುದನ್ನೂ ಎನ್ನುವಂತಿಲ್ಲ. ಬೇಳೆ, ಹುಳಿ, ಉಪ್ಪುಗಳಿಂದ ಒಲೆ ದಾಟಬೇಕು. ಐವತ್ತು ವರ್ಷ ದಿನವೂ ಸಾರು ಮಾಡಿದ ಹೆಂಗಸರು ಇದರಲ್ಲಿ ಗಂಡಸರನ್ನು ಹಣ್ಣುಮಾಡಿದರು. ಇನ್ನು ಒಗಟುಗಳ ವಿಷಯವನ್ನು ಹೇಳಹೋಗುವುದಿಲ್ಲ. ಅಲ್ಲಿ ಓದಿದವರೇ ಶಿಷ್ಯರು, ಓದದವರೇ ಗುರುಗಳು. ಹಾಗಲಬಳ್ಳಿಯ ಮೇಲೆ ಆ ತಾಯಿ ಹಾಕಿದ ಒಂದು ಒಗಟಿಗೆ ನಾನು ಎರಡು ವಾರ ಉತ್ತರ ಕಾಣದೆ ಸೋಲೊಪ್ಪಿದೆನು.

ಗದ್ದಲವೆದ್ದಲ್ಲಿ ಮಧ್ಯಸ್ಥನು ಪಾಲಿಸಬೇಕಾದ ಕಟ್ಟಳೆ ಎರಡೇ. ಕಿವಿಗೂ ಬರಹಕ್ಕೂ ಭೇದ ಬಂದರೆ ಕಿವಿಯೇ ಪ್ರಮಾಣ. ಯಾರಿಗಾದರೂ ಪದ ತೋಚದಿದ್ದರೆ ಅವರನ್ನು ಆಟದಿಂದ ಎಬ್ಬಿಸಕೂಡದು. ಪಕ್ಕದವರು ಒಂದು ಸುಳಿವನ್ನು ಕೊಡತಕ್ಕದ್ದು. ವಾತ್ಸ್ಯಾಯನನ ಗೋಷ್ಠಿಯು ವಿದ್ಯೆ, ಬುದ್ಧಿ, ಶೀಲ, ಸಂಪತ್ತು, ವಯಸ್ಸುಗಳಲ್ಲಿ ಸಮಾನರಾದವರ ಗೋಷ್ಠಿ. ನಮ್ಮದು ವಯಸ್ಸೊಂದರಲ್ಲಿ ಮಾತ್ರ ಸಮಾನರಾದವರದು. ಆದುದರಿಂದ ನಮ್ಮ ಕಟ್ಟಳೆಗಳು ಆತನವುಗಳಿಗಿಂತ ಉದಾರವಾಗಿರುವುದು ಅವಶ್ಯ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಜನರನ್ನು ಕುರಿತು, ಓದಿನ ಕಟ್ಟು ಇಲ್ಲದೆಯೂ ಕಾವ್ಯದ ಬಳಕೆಯಲ್ಲಿ ಪರಿಣತರಾದವರೆಂದು ಹೊಗಳಿದೆ. ಸಭೆಗಳಲ್ಲಿ ನಾವು ಆ ಮಾತನ್ನು ಉದಾಹರಿಸಿ ಚಪ್ಪಾಳೆ ಗಿಟ್ಟಿಸುವೆವು. ಹೊರಗೆ ಬಂದು, ಅಂಥ ಜನರ ಕೈಗೆ ಅವರು ಓದಲಾರದ ಹಾಳೆಯನ್ನು ಕೊಡುವೆವು. ಈ ಎರಡರಲ್ಲಿ ಒಂದನ್ನಾದರೂ ಬಿಡಬೇಕು. ಎರಡನೆಯದನ್ನು ಬಿಡೋಣವೆಂಬುದು ನನ್ನ ಪ್ರಾರ್ಥನೆ.

ನಮ್ಮ ಜಿಲ್ಲೆಯ ಸಾಹಿತ್ಯಸಂಘಕ್ಕೆ ಎರಡು ಸಲಹೆಗಳನ್ನಿತ್ತು ಮುಗಿಸುವೆನು. ಮುಂದಿನ ವಾರ್ಷಿಕೋತ್ಸವದಲ್ಲಿ ಕವಿಗೋಷ್ಠಿಯ ಪಕ್ಕದಲ್ಲಿ ಒಂದು ಅಕ್ಷರಗೋಷ್ಠಿಯನ್ನು ಏರ್ಪಡಿಸಿರಿ. ಯಾರ ಕೈಯಲ್ಲಿಯೂ ಕಾಗದವಿರಕೂಡದು, ಅಧ್ಯಕ್ಷಪೀಠದಲ್ಲಿ ಬರಹ ಬಾರದ ಒಬ್ಬ ಹಿರಿಯರಿರಲಿ. ಮತ್ತು ಸಂಘದ ತರುಣರು ಊರೂರಿಗೆ ಹೋಗಿ, ಅಂಥ ಹಿರಿಯರ ಬಾಯಲ್ಲಿರುವ ಒಗಟುಗಳನ್ನೂ ಮಾತಿನಾಟಗಳನ್ನೂ, ಅವರು ಒಪ್ಪಿದಲ್ಲಿ ಅವರ ಹೆಸರಿನೊಡನೆಯೇ, ಬರೆದುಕೊಳ್ಳಲಿ. ಇದು ನಿಧಾನಿಸತಕ್ಕ ಕೆಲಸವಲ್ಲ; ಆ ಸ್ಲೇಟುಗಳು ವರ್ಷಕ್ಕೆ ಕೆಲವಾಗಿ ಒರೆಸಿಹೋಗುತ್ತಿವೆ. ಕಾಗದಕ್ಕೆ ಅಲ್ಲಿ ಕೆಲಸವುಂಟು; ಹಿರಿಯರು ಕಾಗದವನ್ನು ನೋಡಿ ಹೇಳುವುದಕ್ಕಲ್ಲ, ಕಾಗದವು ಹಿರಿಯರನ್ನು ಕೇಳಿ ಬರೆಯಿಸಿಕೊಳ್ಳುವುದಕ್ಕೆ.

ಇದನ್ನೊಪ್ಪದವರು ಇದೇ ಪತ್ರಿಕೆಯಲ್ಲಿ ಖಂಡಿಸಿ ಬರೆಯಬಹುದು. ನನ್ನ ತಪ್ಪನ್ನು ತೋರಿಸಿದರೆ ತಿದ್ದಿಕೊಳ್ಳುವೆನು. ಆದರೆ ಬರೆಯುವ ಮೊದಲು ಒಂದು ಭಾನುವಾರ ನಮ್ಮ ವರ್ತುಲದಲ್ಲಿ ಬಂದು ಕುಳಿತುಕೊಳ್ಳಲಿ ಎಂದು ಬೇಡುವೆನು. ಹಾಗಲಬಳ್ಳಿಯ ಒಗಟು ಅವರಿಗಾಗಿ ಕಾದಿದೆ. ಇತ್ಯಲಂ.